ಗೌರವ ಕೊಟ್ಟೆವು, ಪಾಲು ಕೊಟ್ಟೆವೆ?



ಸುಲ್ತಾನ್‌ಪೇಟೆ ಎಂದೊಡನೆ ಬೆಂಗಳೂರಿನ ಹಳೆಯ ಕುಟುಂಬಗಳಿಗೆ ನೆನಪಾಗುವುದು ಲಗ್ನಪತ್ರಿಕೆ. ಮನೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ಪತ್ರಿಕೆ ಆರಿಸಲು ಆ ಬೀದಿಗೆ ಹೋಗಿಬಂದವರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಪತ್ರಿಕೆಯ ಮೇಲೆ ಶಿಲುಬೆ ಇರಲಿ, ಪಾರಿವಾಳವಿರಲಿ, ಕಾಗದ ಅಗ್ಗದ್ದಿರಲಿ, ದುಬಾರಿಯದಿರಲಿ, ಒಕ್ಕಣೆ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಬೇಕೆಂದು ಅದು ಕೋರುತ್ತದೆ. ಈ ಪತ್ರಿಕೆ ತಲುಪಿದ ಮನೆಯಲ್ಲಿ, ಸೈನ್ಯದ ಸೇವೆಯಲ್ಲಿದ್ದಾಗ ತಲೆಗೆ ಪೆಟ್ಟು ಬಿದ್ದು ಮರಳಿದ ಒಬ್ಬರಿದ್ದಾರೆಂದು ಭಾವಿಸಿರಿ. “ಅವರಿಗೆ ಗದ್ದಲ ಆಗದು, ಮನೆಯಲ್ಲೇ ಇರಲಿ” ಎಂದು ಹೇಳಿ ಮಿಕ್ಕವರು ಹೊರಡುತ್ತಾರೆ. ಹೊರಡುವವರಲ್ಲಿ ಕೆಟ್ಟ ಮನಸ್ಸಿಲ್ಲ. ಪತ್ರಿಕೆ ಕೊಟ್ಟವರಲ್ಲಿ ಉಪೇಕ್ಷೆಯಿಲ್ಲ. ಮುಂದಿನ ಸಲ ಕೇಳುವ ಗೋಜಿಗೇ ಯಾರೂ ಹೋಗುವುದಿಲ್ಲ. ಹೀಗೆ ಯಾರೊಬ್ಬರೂ ತಪ್ಪು ಮಾಡದೆಯೇ ಒಬ್ಬ ಮನುಷ್ಯ ತನ್ನವರ ನಡುವಿನಿಂದ ಮೆಲ್ಲಗೆ ಕಾಣೆಯಾಗಿಬಿಡುತ್ತಾನೆ.

ದೇಶಕ್ಕಾಗಿ ದುಡಿದು ಹೀಗೆ ಮರಳಿದವರಿಗೆ ನಾವು ಏನನ್ನು ಸಲ್ಲಿಸಬೇಕು? ಗೌರವ ಎನ್ನುವುದು ಥಟ್ಟನೆ ಬರುವ ಉತ್ತರ. ಗೌರವ ಸಲ್ಲಿಸುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಹೂತುಹೋಗಿಯೂ ಜೀವಂತವಾಗಿ ದೊರೆತ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ನಾಡು ಪ್ರಾರ್ಥಿಸಿತು. ಆ ತಿಂಗಳ 11ರಂದು ಅವರು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅಸುನೀಗಿದಾಗ, ಅವರನ್ನು ಎಂದೂ ಕಾಣದವರೂ ಕಣ್ಣೀರಿಟ್ಟರು. ಮಡಿದವರಿಗಾಗಿ ಅಳಲು ನಮಗೆ ಬರುತ್ತದೆ. ಬದುಕಿ ಬರಲಿ ಎಂದು ಪ್ರಾರ್ಥಿಸಲೂ ಬರುತ್ತದೆ. ಆದರೆ ನಿಜವಾಗಿಯೂ ಬದುಕಿ ಬಂದವರ ಜೊತೆ, ಹತ್ತಾರು ವರ್ಷ, ದಿನನಿತ್ಯ ಬಾಳುವುದು ಹೇಗೆಂಬುದನ್ನು ನಾವು ಕಲಿತಿದ್ದೇವೆಯೆ ಎಂಬುದೇ ಈ ಲೇಖನದ ಪ್ರಶ್ನೆ.

ಬೆನ್ನುಹುರಿ ಮುರಿದ ಯೋಧರಿಗೆ 1974ರಿಂದ ಪುಣೆಯ ಕಿರ್ಕಿಯಲ್ಲಿ ಒಂದು ಪುನರ್ವಸತಿ ಕೇಂದ್ರವಿದೆ. ಗಾಲಿಕುರ್ಚಿಯಲ್ಲಿ ಕುಳಿತವರನ್ನು ಕಂಡೊಡನೆ ನಾವು ದಾರಿ ಬಿಡುತ್ತೇವೆ. ಮೆದುಳಿನ ಪೆಟ್ಟು ಹಾಗೆ ಕಣ್ಣಿಗೆ ಬೀಳುವಂಥದಲ್ಲ. ಹೊಲಿಗೆಯ ಗುರುತನ್ನು ಕೂದಲು ಮುಚ್ಚುತ್ತದೆ. ನಡಿಗೆ ನೇರವಾಗಿರಬಹುದು, ಮೀಸೆ ಮೊದಲಿನಂತೆಯೇ ತಿದ್ದಿರಬಹುದು. ಆದರೆ ನಿನ್ನೆ ಹೇಳಿದ್ದು ಇಂದು ನೆನಪಿನಲ್ಲಿ ನಿಲ್ಲುವುದಿಲ್ಲ. ನಾಲಗೆಯ ತುದಿಗೆ ಬಂದ ಮಾತು ಅಲ್ಲೇ ಉಳಿಯುತ್ತದೆ. ಎರಡು ತಾಸು ಎಚ್ಚರದಿಂದಿದ್ದರೆ ಗದ್ದೆ ಉತ್ತಷ್ಟು ದಣಿವಾಗುತ್ತದೆ. ಮೆದುಳಿನ ಮುಂಭಾಗಕ್ಕೆ ಪೆಟ್ಟಾಗಿದ್ದರೆ ಇನ್ನೂ ಸೂಕ್ಷ್ಮವಾದ ತೊಡಕು ಕಾಣಿಸಿಕೊಳ್ಳುತ್ತದೆ. ಕೆಲಸ ಗೊತ್ತಿರುತ್ತದೆ, ಕೈಯಲ್ಲಿ ಬಲವೂ ಇರುತ್ತದೆ, ಆದರೆ ತಾನಾಗಿ ಅದನ್ನು ಆರಂಭಿಸಲಾಗುವುದಿಲ್ಲ. ನೋಡುವವರು ಇದನ್ನು ಸೋಮಾರಿತನವೆಂದು ಕರೆಯುತ್ತಾರೆ. ಸಿಟ್ಟು ತಡೆಯಿಲ್ಲದೆ ನುಗ್ಗಿದರೆ ಅಹಂಕಾರವೆನ್ನುತ್ತಾರೆ. ಮಾತು ತೊದಲಿದರೆ ಕುಡಿದಿದ್ದಾರೆ ಎಂದು ಪಿಸುಗುಟ್ಟುತ್ತಾರೆ. ಬೆಳಗಿನ ಐದು ಗಂಟೆಗೆ ಶಿಳ್ಳೆ ಊದಿ ಸಾಲು ನಿಲ್ಲಿಸಿದವರಿಗೆ ಮಧ್ಯವಯಸ್ಸಿನಲ್ಲಿ ಸೋಮಾರಿಯೆಂಬ ಹೆಸರು ಬಂದರೆ ಅದು ಸಣ್ಣ ನೋವಲ್ಲ.

ಇಂಥ ಪೆಟ್ಟು ಗಡಿಯಲ್ಲಿ ಗುಂಡು ಹಾರಿದಾಗ ಮಾತ್ರ ಆಗುವುದೆಂದು ತಿಳಿಯಬೇಡಿ. ಅಮೆರಿಕದ ಸೈನ್ಯ ಇಟ್ಟ ಲೆಕ್ಕದಂತೆ 2000ದಿಂದ ಈಚೆಗೆ ಅಲ್ಲಿನ ನಾಲ್ಕು ಲಕ್ಷಕ್ಕೂ ಹೆಚ್ಚು ಯೋಧರಿಗೆ ಮೆದುಳಿನ ಪೆಟ್ಟಾಗಿದೆ. ಅದರಲ್ಲಿ ಬಹುಪಾಲು ಲಘು ಸ್ವರೂಪದ್ದು. ರಣರಂಗದ ಹೊರಗೆ, ವಾಹನ ಅಪಘಾತದಲ್ಲಿ, ತರಬೇತಿಯಲ್ಲಿ, ಬಿದ್ದು, ಆಡುವಾಗ ಆದದ್ದೂ ಬಹಳ. ನಮ್ಮಲ್ಲಿಯೂ ಗುಡ್ಡದ ದಾರಿಯಲ್ಲಿ ಲಾರಿ ಉರುಳಿದರೆ ತಲೆ ಒಡೆಯುವ ರೀತಿ ಬೇರೆಯಲ್ಲ. ಪದಕ ಬರುವ ಗಾಯಕ್ಕೂ ಬಾರದ ಗಾಯಕ್ಕೂ ಮನೆಯೊಳಗಿನ ಫಲ ಒಂದೇ.

ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಅಂಗೀಕರಿಸಿದ ಒಂದು ವರ್ಗೀಕರಣವಿದೆ. ದೇಹದ ಯಾವ ಭಾಗ ಕೆಟ್ಟಿದೆ ಎಂದು ಕೇಳಿ ಅದು ಸುಮ್ಮನಾಗುವುದಿಲ್ಲ. ಆ ವ್ಯಕ್ತಿ ತನ್ನ ಬಾಳಿನ ಸಂದರ್ಭಗಳಲ್ಲಿ ಎಷ್ಟರಮಟ್ಟಿಗೆ ಪಾಲ್ಗೊಳ್ಳುತ್ತಿದ್ದಾರೆ ಎಂದೂ ಕೇಳುತ್ತದೆ. ಪಾಲ್ಗೊಳ್ಳುವುದೆಂಬ ನಮ್ಮ ಪದದೊಳಗೇ ‘ಪಾಲು’ ಕುಳಿತಿದೆ. ಪಾಲು ಕೊಳ್ಳಬೇಕಾದರೆ ಕೊಡುವವರು ಇರಬೇಕು. ಹತ್ತು ಅಡಿ ನಿವೇಶನದ ಪಾಲಿಗಾಗಿ ಹತ್ತು ವರ್ಷ ನ್ಯಾಯಾಲಯಕ್ಕೆ ಅಲೆಯುವ ನಾವು, ಮನೆಯ ಕೆಲಸದಲ್ಲಿ, ಮಾತುಕತೆಯಲ್ಲಿ, ತೀರ್ಮಾನದಲ್ಲಿ ಒಬ್ಬರ ಪಾಲು ಕೈತಪ್ಪಿಹೋಗುವುದನ್ನು ಲೆಕ್ಕಕ್ಕೇ ಇಡುವುದಿಲ್ಲ. ಕಾನೂನಿನ ಲೆಕ್ಕವೂ ಇಲ್ಲಿ ಪೂರ್ಣವಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಅಪಘಾತದಿಂದಾದ ಮೆದುಳಿನ ಪೆಟ್ಟಿಗೆ ಅದರಲ್ಲಿ ತನ್ನದೇ ಆದ ಹೆಸರಿಲ್ಲ. ಚಲನೆಯದೋ ಬುದ್ಧಿಯದೋ ಮನಸ್ಸಿನದೋ ಬೇರೊಂದು ಅಂಕಣದೊಳಗೆ ಅದನ್ನು ಹೊಂದಿಸಬೇಕು.

ಅದೇ ಸುಲ್ತಾನ್‌ಪೇಟೆಗೆ ಇಂಥವರ ಜೊತೆ ಒಮ್ಮೆ ಮನಸ್ಸಿನಲ್ಲಿಯೇ ನಡೆದು ನೋಡಿ. ಚಿಕ್ಕಪೇಟೆಯ ಮೆಟ್ರೊ ನಿಲ್ದಾಣದಲ್ಲಿ ಮೇಲಕ್ಕೆ ಬರುತ್ತೀರಿ. ಕಾಗದದ ಕಟ್ಟು ಹೊತ್ತ ಕೂಲಿಯವರು ‘ಸೈಡು, ಸೈಡು’ ಎಂದು ಕೂಗುತ್ತ ನುಗ್ಗುತ್ತಾರೆ. ತಳ್ಳುಗಾಡಿಗಳ ನಡುವಿನ ಗೇಣಗಲ ಜಾಗದಲ್ಲಿ ಸ್ಕೂಟರು ತೂರಿಬರುತ್ತದೆ. ಅಂಗಡಿಯಾತ ದರ ಹೇಳುತ್ತಾನೆ, ಪಕ್ಕದವನು ಕರೆಯುತ್ತಾನೆ, ಫೋನು ಬಡಿದುಕೊಳ್ಳುತ್ತದೆ. ನಮ್ಮ ಮೆದುಳು ಬೇಡದ ಸದ್ದನ್ನು ತಾನಾಗಿಯೇ ಸೋಸಿ ಬೇಕಾದದ್ದನ್ನು ಮಾತ್ರ ಕೇಳಿಸುತ್ತದೆ. ಆ ಜರಡಿ ನಮ್ಮಲ್ಲಿದೆಯೆಂಬುದೇ ನಮಗೆ ತಿಳಿಯದು. ಅದು ಹರಿದವರಿಗೆ ಎಲ್ಲವೂ ಒಂದೇ ಎತ್ತರದಲ್ಲಿ ಕೇಳಿಸುತ್ತದೆ. ಐದು ನಿಮಿಷದಲ್ಲಿ ತಲೆ ಸಿಡಿಯುತ್ತದೆ, ಯಾವುದಕ್ಕೆ ಬಂದೆವೆಂಬುದು ಮರೆಯುತ್ತದೆ, ಕೊಟ್ಟ ನೋಟಿಗೆ ಎಷ್ಟು ಚಿಲ್ಲರೆ ಬರಬೇಕೆಂಬ ಲೆಕ್ಕ ಕೈಕೊಡುತ್ತದೆ. ಆಗ ಜೊತೆಯಲ್ಲಿದ್ದವರು “ನೀವು ಇಲ್ಲೇ ನಿಂತಿರಿ, ನಾನೇ ತರುತ್ತೇನೆ” ಎನ್ನುತ್ತಾರೆ. ಅದರಲ್ಲಿ ಪ್ರೀತಿಯಿದೆ. ಆದರೆ ನಿಂತಲ್ಲೇ ನಿಲ್ಲಿಸುವ ಪ್ರೀತಿಯೂ ಒಂದುಂಟು.

ಇಲ್ಲಿ ಗಂಡಿನ ಪಾಡು, ಹೆಣ್ಣಿನ ಪಾಡು ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ‘ಮಾಜಿ ಸೈನಿಕ’ ಎಂದಾಗ ನಮ್ಮ ಕಣ್ಣಮುಂದೆ ಬರುವುದು ಗಂಡಸು. ಆದರೆ ಮಿಲಿಟರಿ ನರ್ಸಿಂಗ್ ಸೇವೆಗೆ ನಮ್ಮ ಕ್ರೈಸ್ತ ಕುಟುಂಬಗಳ ಹೆಣ್ಣುಮಕ್ಕಳು ಬಹುಕಾಲದಿಂದ ಹೋಗಿದ್ದಾರೆ. 1992ರಿಂದ ವೈದ್ಯಕೀಯದ ಹೊರಗಿನ ವಿಭಾಗಗಳಲ್ಲಿಯೂ ಮಹಿಳೆಯರು ಅಧಿಕಾರಿಗಳಾದರು. 2021ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನ ಮಿಲಿಟರಿ ಪೊಲೀಸ್ ತರಬೇತಿ ಕೇಂದ್ರದಿಂದಲೇ 83 ಮಹಿಳಾ ಯೋಧರ ಮೊದಲ ತಂಡ ಹೊರಬಂದಿತು. ಇವರಲ್ಲೊಬ್ಬರು ಗಾಯಗೊಂಡು ಮರಳಿದರೆ, ಸರತಿ ಸಾಲಿನಲ್ಲಿ ನಿಂತಾಗ ಕೇಳುವ ಮೊದಲ ಪ್ರಶ್ನೆ “ಯಜಮಾನರು ಸೈನ್ಯದಲ್ಲಿದ್ದರೆ?” ಎಂಬುದೇ ಆಗಿರುತ್ತದೆ.

ಗಾಯಗೊಂಡ ಗಂಡಸಿನ ಕೈಯಿಂದ ಮೊದಲು ಜಾರುವುದು ಹೊರಗಿನ ಪಾಲು, ಅಂದರೆ ಸಂಬಳ, ಬ್ಯಾಂಕಿನ ಸಹಿ, ವಾಹನದ ಕೀಲಿಕೈ, ಮಗಳ ಮದುವೆಯ ಮಾತುಕತೆಯಲ್ಲಿ ಹಿರಿತನದ ಸ್ಥಾನ. ಜವಾನರು ನಲವತ್ತರ ಆಸುಪಾಸಿನಲ್ಲಿಯೇ ನಿವೃತ್ತರಾಗಿ ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಕಾವಲಿನ ಕೆಲಸಕ್ಕೆ ಸೇರುವುದುಂಟು. ಈತನಿಗೆ ಅದೂ ಕಷ್ಟ. ಆದರೂ ಅವರ ಶುಶ್ರೂಷೆಗೆ ಹೆಂಡತಿಯೋ ತಾಯಿಯೋ ನಿಂತಿರುತ್ತಾರೆ. ಹೆಣ್ಣಿಗೆ ಪೆಟ್ಟಾದಾಗ ಹಾಗೆ ನಿಲ್ಲುವವರು ಯಾರು? ಆಕೆ ಅಡಿಗೆಮನೆಗೆ ಮರಳಿದರೆ ಗುಣವಾಯಿತೆಂದೇ ಎಲ್ಲರ ಎಣಿಕೆ. ತಲೆಯ ಪೆಟ್ಟಿನಿಂದ ಘ್ರಾಣಶಕ್ತಿ ಹೋಗುವುದು ಅಪರೂಪವಲ್ಲ. ಒಗ್ಗರಣೆ ಸೀದದ್ದು, ಗ್ಯಾಸು ಸೋರಿದ್ದು ಆಕೆಗೆ ತಿಳಿಯುವುದಿಲ್ಲ; ತಿಳಿದವರು ಮನೆಯಲ್ಲಿ ಯಾರೂ ಇಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆತರೆ ಅದು ಗಾಯದ ಲಕ್ಷಣವೆಂದು ಯಾರೂ ಎಣಿಸುವುದಿಲ್ಲ, ಗೃಹಿಣಿಯ ಅಜಾಗರೂಕತೆ ಎನ್ನುತ್ತಾರೆ. ಕೊನೆಗೆ ‘ಸ್ವಲ್ಪ ದಿನ ತವರಿನಲ್ಲಿದ್ದು ಬರಲಿ’ ಎಂಬ ಸಲಹೆ ಬರುತ್ತದೆ. ಒಂದು ಕಾಲಕ್ಕೆ ಆಕೆಯ ಆಜ್ಞೆಗೆ ಮೂವತ್ತು ಮಂದಿ ಎದ್ದು ನಿಲ್ಲುತ್ತಿದ್ದರೆಂಬುದು ನೆರೆಯವರಿಗೆ ಗೊತ್ತೇ ಇರುವುದಿಲ್ಲ.

ಪವಿತ್ರ ಬೈಬಲಿನಲ್ಲಿ ಯುದ್ಧದಿಂದ ಊನಗೊಂಡ ಒಬ್ಬನ ಕಥೆಯಿದೆ. ಸೌಲನೂ ಯೋನಾತಾನನೂ ರಣದಲ್ಲಿ ಬಿದ್ದರೆಂಬ ಸುದ್ದಿ ಬಂದಾಗ, ಯೋನಾತಾನನ ಐದು ವರ್ಷದ ಮಗ ಮೆಫೀಬೋಶೆತನನ್ನು ಎತ್ತಿಕೊಂಡು ದಾದಿ ಓಡಿದಳು. ಅವಸರದಲ್ಲಿ ಮಗು ಕೆಳಗೆ ಬಿದ್ದು ಎರಡೂ ಕಾಲು ಕುಂಟಾದವು. ಸಮುವೇಲನ ಎರಡನೆಯ ಗ್ರಂಥದ 9ನೇ ಅಧ್ಯಾಯದಲ್ಲಿ ದಾವೀದ ಅರಸನು ಅವನನ್ನು ಹುಡುಕಿಸಿ, ತನ್ನ ಮಕ್ಕಳಂತೆ ದಿನವೂ ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿಕೊಳ್ಳುತ್ತಾನೆ. ನಮ್ಮ ಪ್ರಬೋಧನೆಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ; ದಾವೀದನ ಔದಾರ್ಯವನ್ನು ಕೊಂಡಾಡಿ ನಾವು ಮನೆಗೆ ಹೋಗುತ್ತೇವೆ. ಗ್ರಂಥ ಮಾತ್ರ ಅಲ್ಲಿಗೆ ಮುಗಿಸುವುದಿಲ್ಲ. ಮೆಫೀಬೋಶೆತನಿಗೆ ಸಿಕ್ಕಿದ ಹೊಲವನ್ನು ಉಳುವವನು ಸೇವಕನಾದ ಚೀಬ. ಮುಂದೆ ಅಬ್ಷಾಲೋಮನು ದಂಗೆಯೆದ್ದು ಅರಸನು ಜೆರುಸಲೇಮನ್ನು ಬಿಟ್ಟು ಓಡುವಾಗ, ರೊಟ್ಟಿ, ದ್ರಾಕ್ಷಾರಸ ಹೊರಿಸಿದ ಕತ್ತೆಗಳೊಂದಿಗೆ ಎದುರಾಗುವವನೂ ಚೀಬನೇ. ನನ್ನ ಒಡೆಯ ರಾಜ್ಯ ತನಗೇ ದಕ್ಕೀತೆಂದು ಊರಲ್ಲೇ ಉಳಿದಿದ್ದಾನೆಂದು ಅವನು ದೂರಿದಾಗ, ಒಂದು ಮಾತೂ ವಿಚಾರಿಸದೆ ದಾವೀದನು ಮೆಫೀಬೋಶೆತನ ಆಸ್ತಿಯನ್ನೆಲ್ಲ ಚೀಬನಿಗೆ ಕೊಟ್ಟುಬಿಡುತ್ತಾನೆ. ದಿನವೂ ಒಂದೇ ಪಂಕ್ತಿಯಲ್ಲಿ ಉಂಡವನ ಬಗ್ಗೆ ಅರಸನಿಗೆ ಇದ್ದ ತಿಳಿವಳಿಕೆ ಇಷ್ಟೇ! ಬಳಿಕ ಮೆಫೀಬೋಶೆತನು ಗಡ್ಡ ತಿದ್ದದೆ, ಬಟ್ಟೆ ಒಗೆಸದೆ ಬಂದು, ತಾನು ಕುಂಟನಾದ್ದರಿಂದ ಕತ್ತೆಯ ಮೇಲೆ ಹೊರಡಬೇಕೆಂದಿದ್ದೆ, ಸೇವಕ ಮೋಸಮಾಡಿದ ಎಂದು ತನ್ನ ಬಾಯಿಂದ ಹೇಳಿಕೊಂಡಾಗ, ಅರಸನು ಮಾತು ಬೆಳೆಸಬೇಡವೆಂದು ಹೊಲವನ್ನು ಇಬ್ಬರಿಗೂ ಹಂಚಿ ಕೈತೊಳೆದುಕೊಳ್ಳುತ್ತಾನೆ. ಎಲ್ಲವನ್ನೂ ಅವನೇ ತೆಗೆದುಕೊಳ್ಳಲಿ, ಅರಸರು ಸುಖವಾಗಿ ಮರಳಿದ್ದೇ ಸಾಕು ಎಂಬುದು ಮೆಫೀಬೋಶೆತನ ಉತ್ತರ.

ದಾವೀದನು ಊಟ ಕೊಟ್ಟ, ಸ್ಥಾನ ಕೊಟ್ಟ. ದುಡಿಮೆಯನ್ನು ಇನ್ನೊಬ್ಬರ ಕೈಗೆ, ಮಾತನ್ನು ಇನ್ನೊಬ್ಬರ ಬಾಯಿಗೆ ಬಿಟ್ಟ. ಪಿಂಚಣಿ, ಔಷಧ, ಕ್ಯಾಂಟೀನಿನ ಚೀಟಿ ಎಲ್ಲವೂ ಸರಿಯಾಗಿ ತಲುಪುವ ಮನೆಯಲ್ಲಿಯೂ ಇದೇ ಆಗಬಹುದು. (ಅವು ತಲುಪದ ಮನೆಗಳ ವಿಷಯ ಬೇರೆ, ಅಲ್ಲಿ ಮೊದಲು ಅವು ತಲುಪಬೇಕು.) ಮೆದುಳಿನ ಪೆಟ್ಟಿನವರ ಮಾತನ್ನು ನಂಬದಿರುವುದಂತೂ ಬಹಳ ಸುಲಭ. ನೆನಪು ತಪ್ಪುತ್ತದೆಂದು ಗೊತ್ತಿರುವುದರಿಂದ, ಅವರು ನೆನಪಿಟ್ಟು ಹೇಳಿದ ದೂರನ್ನೂ ನಾವು ಮರೆವಿನ ಲೆಕ್ಕಕ್ಕೇ ಹಾಕಿಬಿಡುತ್ತೇವೆ.

ಯುದ್ಧದಲ್ಲಿ ಮೆದುಳಿಗೆ ಪೆಟ್ಟಾದ ಯೋಧನ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡವರಲ್ಲಿ ರಷ್ಯಾದ ನರಮನಃಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ ಒಬ್ಬರು. 1943ರಲ್ಲಿ ಸ್ಮೋಲೆನ್ಸ್ಕ್ ಬಳಿ ತಲೆಗೆ ಗುಂಡು ಹೊಕ್ಕ ಜಾಸೆಟ್ಸ್ಕಿ ಎಂಬ ಯುವ ಅಧಿಕಾರಿಗೆ ಓದು ಮರೆತುಹೋಯಿತು, ತನ್ನ ಊರಿನ ಬೀದಿಗಳೇ ಅಪರಿಚಿತವಾದವು. ಮನೆಯವರಿಗೆ ನೆರವಾಗೋಣವೆಂದು ಕಟ್ಟಿಗೆ ಸೀಳಲು ಹೋದರೆ ಕೊಡಲಿ ಗುರಿ ತಪ್ಪುತ್ತಿತ್ತು. ಆದರೆ ಬರೆಯಲು ಮಾತ್ರ ಹೇಗೋ ಸಾಧ್ಯವಿತ್ತು. ತಾನು ಬರೆದದ್ದನ್ನು ತಾನೇ ಓದಲಾಗದೆ, ದಿನಕ್ಕೆ ಅರ್ಧ ಪುಟ, ಒಂದು ಪುಟದಂತೆ, ಸುಮಾರು 25 ವರ್ಷ ಅವನು ಬರೆದ. ಅದು 3,000 ಪುಟಗಳಷ್ಟಾಯಿತು. ತನ್ನ ಅನುಭವ ಬೇರೆಯವರಿಗೆ ಉಪಯೋಗವಾಗಲಿ ಎಂಬ ಆಸೆಯೂ ಅದರ ಹಿಂದಿತ್ತು. ಗುಣವಾಗುವ ಆಸೆಯಷ್ಟೇ ಗಟ್ಟಿಯಾಗಿ, ಯಾರಿಗಾದರೂ ಬೇಕಾದವನಾಗಿರುವ ಆಸೆಯೂ ಮನುಷ್ಯನಲ್ಲಿ ಬದುಕುತ್ತದೆ.

ನಮ್ಮ ಊರಿನಲ್ಲಿಯೇ, ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ, ಡಾ. ಶೋಭಿನಿ ರಾವ್ ಮತ್ತು ಅವರ ಸಹೋದ್ಯೋಗಿಗಳು ಮೆದುಳಿನ ಗ್ರಹಣಶಕ್ತಿಗೆ ಮರುತರಬೇತಿ ಕೊಡುವ ಕ್ರಮಗಳನ್ನು ರೂಪಿಸಿದರು. ಗಮನಶಕ್ತಿಯನ್ನು ಮರಳಿ ಕಟ್ಟಲು ಅವರು ಬಳಸಿದ ಅಭ್ಯಾಸಗಳಲ್ಲಿ ಒಂದು, ಬೆರೆಸಿದ ಧಾನ್ಯಗಳನ್ನು ಬೇರ್ಪಡಿಸುವುದು. ನಮ್ಮ ಅಜ್ಜಿಯರು ಮೊರ ಹಿಡಿದು ಮಾಡುತ್ತಿದ್ದ ಕೆಲಸವೇ ಅದು. ಇಲ್ಲಿ ಮನೆಯವರಿಗೆ ಒಂದು ಆಯ್ಕೆಯಿದೆ. ಅಭ್ಯಾಸಕ್ಕೆಂದು ಬೇಳೆ, ಕಾಳು ಬೆರೆಸಿಕೊಟ್ಟು, ಬೇರ್ಪಡಿಸಿದ ಮೇಲೆ ನಾಳೆಗೆಂದು ಮತ್ತೆ ಬೆರೆಸಿಡಬಹುದು. ಚಿಕಿತ್ಸೆಗೆ ಅದೂ ಬೇಕು. ಅದರ ಜೊತೆಗೆ, ಮಧ್ಯಾಹ್ನ ಎಲ್ಲರೂ ಉಣ್ಣುವ ಅಕ್ಕಿಯನ್ನೇ ಅವರಿಗೆ ಒಪ್ಪಿಸಲೂಬಹುದು. ಆಗ ಒಂದು ಕಲ್ಲು ಉಳಿದರೆ ಯಾರದಾದರೂ ಹಲ್ಲಿಗೆ ಸಿಗುತ್ತದೆ. ಅವರ ಕೆಲಸದಿಂದ ನಮಗೆ ಏನಾದರೂ ಆಗುವಂತಿದ್ದಾಗಲೇ ಅದು ಪಾಲು.

ಹಾಗೆಂದು ಎಲ್ಲ ಅಪಾಯವನ್ನೂ ಅಪ್ಪಿಕೊಳ್ಳಲಾಗದು. ಮೂರ್ಛೆ ಬರುವವರಿಗೆ ವೈದ್ಯರು ಒಪ್ಪುವ ತನಕ ವಾಹನ ಕೊಡಬಾರದು. ವಾಸನೆ ತಿಳಿಯದವರ ಅಡಿಗೆಮನೆಯಲ್ಲಿ ಗ್ಯಾಸು ಸೋರಿದರೆ ಸದ್ದು ಮಾಡುವ ಉಪಕರಣವಿರಬೇಕು. ಬ್ಯಾಂಕಿನ ಸಹಿಗೆ ಇನ್ನೊಂದು ಸಹಿ ಜೊತೆಗಿರಲಿ. ಆದರೆ ಪ್ರತಿ ನಿರ್ಬಂಧಕ್ಕೂ ಮುಂಚೆ ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಅವರ ಕ್ಷೇಮಕ್ಕೋ, ನಮ್ಮ ಅವಸರಕ್ಕೋ? ಹತ್ತು ನಿಮಿಷದ ಕೆಲಸಕ್ಕೆ ಅವರು ಒಂದು ಗಂಟೆ ತೆಗೆದುಕೊಳ್ಳುತ್ತಾರೆಂಬ ಕಾರಣಕ್ಕೆ ಕಿತ್ತುಕೊಂಡ ಕೆಲಸಗಳೇ ಹೆಚ್ಚೆಂದು ನನ್ನ ಅಭಿಪ್ರಾಯ.

ಇನ್ನು ಕೋಪದ ವಿಷಯ. ಇದನ್ನು ತಪ್ಪಿಸಿ ಬರೆದರೆ ಇಂಥ ಮನೆಗಳಲ್ಲಿರುವ ಓದುಗರಿಗೆ ಅನ್ಯಾಯವಾಗುತ್ತದೆ. “ಇವರು ಮೊದಲಿನವರಲ್ಲ” ಎಂಬ ಮಾತು ಅಲ್ಲಿ ಹುಟ್ಟುವುದು ಬಹುಮಟ್ಟಿಗೆ ಕೋಪದಿಂದ. ತಟ್ಟೆ ಎಸೆದದ್ದು ಮನುಷ್ಯನೋ, ಗಾಯವೋ? ಮನಃಶಾಸ್ತ್ರೀಯವೂ ಸಾಮಾಜಿಕವೂ ಆದ ಕಾರಣಗಳಿಂದ ಒಬ್ಬರ ಹೊಣೆ ಕಡಿಮೆಯಾಗಬಹುದು, ಇಲ್ಲವಾಗಲೂಬಹುದು ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 1735ನೇ ಪರಿಚ್ಛೇದದಲ್ಲಿ ಒಪ್ಪುತ್ತದೆ. ಆ ಮಾತಿನಲ್ಲಿ ಗಾಯಾಳುವಿಗೆ ದೊಡ್ಡ ಸಮಾಧಾನವಿದೆ. ಆದರೆ ಅದನ್ನೇ ಹಿಡಿದು, ಅವರು ಏನು ಮಾಡಿದರೂ ಪರವಾಗಿಲ್ಲ, ಅವರಿಗೆ ತಿಳಿಯದು ಎಂದು ಮುಂಚಿತವಾಗಿಯೇ ಎಲ್ಲವನ್ನೂ ಮನ್ನಿಸಿಬಿಟ್ಟರೆ ನಾವು ಅವರನ್ನು ಮಳೆ ಗಾಳಿಗಳ ಸಾಲಿಗೆ ಸೇರಿಸಿದಂತಾಯಿತು. ಮಳೆಯಿಂದ ನಾವು ಕ್ಷಮೆ ಕೇಳಿಸಿಕೊಳ್ಳುವುದಿಲ್ಲ. ಮನುಷ್ಯರಿಂದ ಕೇಳಿಸಿಕೊಳ್ಳುತ್ತೇವೆ. ಕೋಪ ಇಳಿದ ಮೇಲೆ “ನಿಮ್ಮ ಮಾತು ಮಗಳಿಗೆ ನೋವುಂಟುಮಾಡಿತು” ಎಂದು ಮೆಲ್ಲಗೆ ಹೇಳಿದರೆ, ಅವರು “ಹೌದೆ?” ಎಂದು ಮಗಳ ಬಳಿಗೆ ಹೋಗಬಹುದು, ಕೆಲವೊಮ್ಮೆ ಏನೂ ನೆನಪಿಲ್ಲವೆಂದು ಕುಳಿತುಬಿಡಬಹುದು. ಎರಡಕ್ಕೂ ಸಿದ್ಧರಾಗಿಯೇ ಹೇಳಬೇಕು. ಕ್ಷಮೆ ಬೇಡುವ ಹಕ್ಕು ಕೂಡ ಬಾಳಿನ ಒಂದು ಪಾಲು. ಪಾಪನಿವೇದನೆಯ ಸಂಸ್ಕಾರಕ್ಕೆ ಅವರು ಬರಲು ಬಯಸಿದಾಗ ‘ಇವರಿಗೇಕೆ?’ ಎಂದು ತಡೆಯುವುದು ನನಗೆ ಕ್ರೌರ್ಯವಾಗಿಯೇ ಕಾಣುತ್ತದೆ.

ಈ ಮಾತನ್ನು ಹೆಂಡತಿಯಾದವಳು ಏಟು ತಿಂದುಕೊಂಡಿರಬೇಕೆಂಬುದಕ್ಕೆ ಯಾರೂ ಬಳಸಬಾರದು. ಕೈ ಏಳುವ ಮನೆಯಲ್ಲಿ ಮೊದಲು ಬೇಕಾದದ್ದು ಆಕೆಯ ಮತ್ತು ಮಕ್ಕಳ ರಕ್ಷಣೆ, ಆಮೇಲೆ ವೈದ್ಯರು. ಸಹನೆಯ ಉಪದೇಶ ಅಲ್ಲಿ ಸಲ್ಲದು. ಏಟಿಲ್ಲದ ಮನೆಗಳಲ್ಲಿಯೂ ಆಕೆಯ ದಣಿವು ಯಾರ ಕಣ್ಣಿಗೂ ಬೀಳುವುದಿಲ್ಲ. ಗಂಡ ಬದುಕಿದ್ದಾನೆ, ಆದ್ದರಿಂದ ಆಕೆ ದುಃಖಿಸುವಂತಿಲ್ಲ. ಹಿಂದಿನ ಗಂಡ ಇಲ್ಲ, ಆದ್ದರಿಂದ ಸಂತೋಷಪಡುವಂತೆಯೂ ಇಲ್ಲ.

ಆದ್ದರಿಂದ ಇದನ್ನು ಒಂದೇ ಮನೆಯ ಹೆಗಲ ಮೇಲೆ ಬಿಡಲಾಗದು. ಧರ್ಮಕೇಂದ್ರಕ್ಕೆ ಇಲ್ಲಿ ಮಾಡಲು ಸಣ್ಣ ಸಣ್ಣ ಕೆಲಸಗಳಿವೆ. ಭಾನುವಾರದ ಮೊದಲ ಬಲಿಪೂಜೆಯಲ್ಲಿ ಸಾಮಾನ್ಯವಾಗಿ ಗದ್ದಲ ಕಡಿಮೆ. ಗಾನವೃಂದದ ಧ್ವನಿವರ್ಧಕದಿಂದ ದೂರದ ಒಂದು ಬೆಂಚನ್ನು ಅವರಿಗೆ ಮೀಸಲಿಡಬಹುದು. ಕಾಣಿಕೆಯ ಮೆರವಣಿಗೆಯಲ್ಲಿ ಪ್ರತಿ ವಾರ ಅದೇ ಕೆಲಸವನ್ನು, ಅದೇ ಸಂಗಾತಿಯ ಜೊತೆ ಅವರಿಗೆ ವಹಿಸಬಹುದು. ಹೊಸತನ ದಣಿಸುತ್ತದೆ, ರೂಢಿ ಕೈಹಿಡಿಯುತ್ತದೆ. ಮಾಡಬೇಕಾದದ್ದನ್ನು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಟ್ಟರೆ ಅವಮಾನವೇನಿಲ್ಲ. ಗುರುಗಳೂ ಪೂಜಾಗ್ರಂಥ ನೋಡಿಯೇ ಓದುತ್ತಾರೆ. ಒಂದು ವಾರ ತಪ್ಪಿದರೆಂದು ಮರುವಾರ ಆ ಕೆಲಸವನ್ನು ಇನ್ನೊಬ್ಬರಿಗೆ ದಾಟಿಸಬೇಡಿ. ಹಬ್ಬದ ತೇರಿನ ದಿನ ಪಟಾಕಿ ಹಚ್ಚುವ ಹೊತ್ತನ್ನು ಮೊದಲೇ ತಿಳಿಸಿದರೆ, ಅಷ್ಟು ಹೊತ್ತು ಒಳಗಿದ್ದು ಬಳಿಕ ಮೆರವಣಿಗೆಗೆ ಸೇರಿಕೊಳ್ಳುತ್ತಾರೆ. ಸಂತ ವಿನ್ಸೆಂಟ್ ದೆ ಪೌಲರ ಸಭೆಯವರು ಇಂಥ ಮನೆಗೆ ನೆರವು ಹೊತ್ತು ಹೋಗುವಾಗ, ಆ ಯೋಧರನ್ನೇ ಇನ್ನೊಂದು ಬಡವರ ಮನೆಗೆ ತಮ್ಮ ಜೊತೆ ಕರೆದೊಯ್ಯಬಾರದೇಕೆ?

ಸಂತ ಮಾರ್ಕನ ಶುಭಸಂದೇಶದ 8ನೇ ಅಧ್ಯಾಯದಲ್ಲಿ ಬೆತ್ಸಾಯಿದದ ಕುರುಡನನ್ನು ಯೇಸುಸ್ವಾಮಿ ಕೈಹಿಡಿದು ಊರ ಗದ್ದಲದಿಂದ ಹೊರಗೆ ಕರೆದೊಯ್ಯುತ್ತಾರೆ. ಮುಟ್ಟಿದ ಮೇಲೆ, ಏನಾದರೂ ಕಾಣುತ್ತಿದೆಯೆ ಎಂದು ಕರೆತಂದವರನ್ನು ಕೇಳದೆ ಅವನನ್ನೇ ಕೇಳುತ್ತಾರೆ. ಜನ ನಡೆದಾಡುವ ಮರಗಳಂತೆ ಕಾಣುತ್ತಾರೆಂದು ಅವನು ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಅರೆಗುಣವಾದ ಆ ಸ್ಥಿತಿಯನ್ನು ಪ್ರಭು ಅವಿಶ್ವಾಸವೆಂದು ಗದರಲಿಲ್ಲ. ಮೆದುಳಿನ ಪೆಟ್ಟಿನವರಲ್ಲಿ ಅನೇಕರು ಉಳಿದ ಬಾಳನ್ನೆಲ್ಲ ಆ ಎರಡು ಸ್ಪರ್ಶಗಳ ನಡುವಿನಲ್ಲಿಯೇ ಕಳೆಯುವವರು.

ಇಂಥ ಮನೆಗೆ ನೀವು ಹೋದಾಗ ಗಮನಿಸಿ ನೋಡಿ. ಅವರು ಎದುರಿಗೇ ಕುಳಿತಿರುತ್ತಾರೆ, ಆದರೂ ಬಂದವರು “ಅವರು ಹೇಗಿದ್ದಾರೆ? ಅವರ ಕಾಫಿಗೆ ಸಕ್ಕರೆ ಹಾಕಬಹುದೆ?” ಎಂದು ಹೆಂಡತಿಯನ್ನು ಕೇಳುತ್ತಾರೆ. ಅವರನ್ನೇ ಕೇಳಿ. ಉತ್ತರ ಬರಲು ಅರ್ಧ ನಿಮಿಷ ಹಿಡಿಯಬಹುದು. ಅಷ್ಟರಲ್ಲಿ ಕಾಫಿ ಆರಿಹೋಗುವುದಿಲ್ಲ.